ರೊಟ್ಟಿ ಉಬ್ಬುವುದೇಕೆ?

ಆಳಂದ ತಾಲ್ಲೂಕಿನ ನರೋಣಾ ಮತ್ತು ಅದರ ಸುತ್ತಲಿನ ಊರುಗಳು ಕರಿಮಣ್ಣಿನ ನಾಡು. ಮಳೆಗಾಲ ಮುಗಿಯುತ್ತ ಬಂದಾಗ ಬಿತ್ತಿದ ಹಿಂಗಾರಿ ಜೋಳ ಇಲ್ಲಿ ಮಣ್ಣಿನಲ್ಲಿ ಉಳಿದ ತೇವವನ್ನೇ ಕುಡಿದು ಬೆಳೆಯುತ್ತದೆ. ಆ ಜೋಳದ ರೊಟ್ಟಿಯಿಲ್ಲದೆ ಇಲ್ಲಿನವರಿಗೆ ಊಟವಿಲ್ಲ. ರೊಟ್ಟಿ ಬಡಿಯುವ ಸದ್ದಿನ ಹಿಂದೆ ಭೌತವಿಜ್ಞಾನದ ಒಂದು ಅಧ್ಯಾಯವೇ ಅಡಗಿದೆ ಎಂದರೆ ವಾಚಕರು ನಕ್ಕಾರು. ರೊಟ್ಟಿ ಕೈಗುಣದ ಮಾತು, ಅದಕ್ಕೆ ಶಾಸ್ತ್ರವೇಕೆ ಎಂದು ಕೇಳುವವರೂ ಉಂಟು. ಕೈಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಓದಲೆಂದು ಊರು ಬಿಟ್ಟು ಕೋಣೆ ಹಿಡಿದ ವಿದ್ಯಾರ್ಥಿಯೊಬ್ಬ ಮೊದಲ ಬಾರಿಗೆ ರೊಟ್ಟಿ ತಟ್ಟಲು ಕುಳಿತನೆನ್ನಿ. ಅದು ಅಂಚಿನಲ್ಲಿ ಸೀಳುತ್ತದೆ, ಎತ್ತುವಾಗ ಮುರಿಯುತ್ತದೆ, ಹಂಚಿನ ಮೇಲೆ ಉಬ್ಬದೆ ಬಿದ್ದುಕೊಳ್ಳುತ್ತದೆ. ಅವನು ತನ್ನ ಕೈಯನ್ನು ಹಳಿದುಕೊಳ್ಳುವ ಮೊದಲು ನೀರಿನ ಕಡೆ ನೋಡುವುದು ಒಳ್ಳೆಯದು.

ಮೊದಲು ಒಂದು ಸುಲಭವಾದ ಪ್ರಯೋಗ. ಗೋಧಿ ಹಿಟ್ಟನ್ನು ನಾದಿ ಉಂಡೆ ಮಾಡಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಸಣ್ಣಗೆ ಬೀಳುವ ನೀರಿನಡಿಯಲ್ಲಿ ಹಿಸುಕುತ್ತ ತೊಳೆಯಿರಿ. ಬಿಳಿಯ ಪಿಷ್ಟವೆಲ್ಲ ಹರಿದುಹೋಗಿ ಕೈಯಲ್ಲಿ ರಬ್ಬರಿನಂತೆ ಎಳೆದರೆ ಹಿಗ್ಗುವ ಒಂದು ಮುದ್ದೆ ಉಳಿಯುತ್ತದೆ. ಇದೇ ಗ್ಲುಟೆನ್. ಇಟಲಿಯ ಬೊಲೋನ್ಯಾ ನಗರದ ಬೆಕ್ಕಾರಿ ಎಂಬ ವಿದ್ವಾಂಸನ ಈ ಪ್ರಯೋಗದ ವಿವರ 1745ರಲ್ಲಿ ಅಚ್ಚಾಯಿತು. ಇದನ್ನೇ ಜೋಳದ ಹಿಟ್ಟಿನಿಂದ ಮಾಡಿದರೆ ಉಂಡೆ ಕರಗಿ ಚದುರಿಹೋಗುತ್ತದೆ. ಹಿಡಿಯಲು ಏನೂ ಉಳಿಯುವುದಿಲ್ಲ. ಜೋಳದಲ್ಲಿ ಸಸಾರಜನಕ ಇಲ್ಲವೆಂದಲ್ಲ, ಅದು ಹೀಗೆ ಬಲೆ ಹೆಣೆಯುವುದಿಲ್ಲ, ಅಷ್ಟೆ. (ಕೆಲವರ ಕರುಳಿಗೆ ಗ್ಲುಟೆನ್ ಒಗ್ಗುವುದಿಲ್ಲ. ಸೀಲಿಯಾಕ್ ಎಂಬ ಆ ರೋಗಕ್ಕೆ ಗೋಧಿಯೇ ಮೂಲವೆಂದು ಹಾಲೆಂಡಿನ ವೈದ್ಯ ಡಿಕೆ 1950ರ ತಮ್ಮ ಪ್ರಬಂಧದಲ್ಲಿ ತೋರಿಸಿದರು. ಅಂಥವರ ಪಾಲಿಗೆ ಜೋಳದ ಈ ಕೊರತೆಯೇ ವರ.)

ಹಾಗಾದರೆ ಜೋಳದ ಹಿಟ್ಟನ್ನು ಒಂದುಗೂಡಿಸುವುದು ಯಾವುದು? ಪಿಷ್ಟವೇ. ತಣ್ಣೀರಿನಲ್ಲಿ ಪಿಷ್ಟದ ಕಣಗಳು ಮರಳಿನಂತೆ ಬಿಡಿಬಿಡಿಯಾಗಿರುತ್ತವೆ. ಉಷ್ಣತೆ ಸುಮಾರು 70 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಏರಿದಾಗ ಅವು ನೀರನ್ನು ಹೀರಿ, ಊದಿ, ಒಡೆದು ಅಂಟಾಗುತ್ತವೆ. ಗಂಜಿ ಗಟ್ಟಿಯಾಗುವುದೂ ಹೀಗೆಯೇ. ಆದುದರಿಂದಲೇ ನಮ್ಮ ತಾಯಂದಿರು ಹಿಟ್ಟಿಗೆ ಎಸರು ಹೊಯ್ಯುತ್ತಾರೆ.

ಎಸರು ಚೆನ್ನಾಗಿ ಮರಳಲೇಬೇಕು ಎಂದು ಹಿರಿಯರು ಹಟ ಹಿಡಿಯುವುದನ್ನು ಲೆಕ್ಕ ಹಾಕಿ ನೋಡೋಣ. 30 ಡಿಗ್ರಿಯಲ್ಲಿರುವ 100 ಗ್ರಾಂ ಹಿಟ್ಟಿಗೆ 100 ಡಿಗ್ರಿಯ 100 ಗ್ರಾಂ ನೀರನ್ನು ಬೆರೆಸಿದೆವೆನ್ನಿ. ಒಣ ಹಿಟ್ಟಿನ ವಿಶಿಷ್ಟೋಷ್ಣ ಸುಮಾರು 0.4. ನೀರು ಕಳೆದುಕೊಂಡ ಶಾಖವನ್ನು ಹಿಟ್ಟು ಪಡೆಯಿತೆಂದು ಸಮೀಕರಿಸಿದರೆ ಮಿಶ್ರಣದ ಉಷ್ಣತೆ 80 ಡಿಗ್ರಿ ಬರುತ್ತದೆ. ಪಾತ್ರೆಗೂ ಗಾಳಿಗೂ ಸ್ವಲ್ಪ ಹೋದರೂ ಪಿಷ್ಟ ಅಂಟಾಗುವಷ್ಟು ಉಳಿಯುತ್ತದೆ. ಅದೇ ನೀರು 60 ಡಿಗ್ರಿಯಷ್ಟೇ ಕಾದಿದ್ದರೆ? ಮಿಶ್ರಣ 51 ಡಿಗ್ರಿಯಲ್ಲಿ ನಿಂತುಬಿಡುತ್ತದೆ. ಬೆರಳಿಗೆ ಎರಡೂ ನೀರು ಸುಡುತ್ತವೆ, ಆದರೆ ಒಂದರಿಂದ ರೊಟ್ಟಿ, ಇನ್ನೊಂದರಿಂದ ಬರಿಯ ಒದ್ದೆ ಹಿಟ್ಟು! ಹಿಟ್ಟಿನ ನಡುವೆ ಗುಳಿ ಮಾಡಿ ಎಸರನ್ನು ಅಲ್ಲಿಯೇ ಹೊಯ್ಯುವುದರಲ್ಲಿಯೂ ಜಾಣತನವಿದೆ. ನಡುವಿನ ಹಿಟ್ಟಿಗೆ ನೀರಿನ ಪಾಲು ಹೆಚ್ಚು, ಅದು ಪೂರ್ತಿ ಅಂಟಾಗುತ್ತದೆ. ಸುತ್ತಲಿನ ಒಣ ಹಿಟ್ಟು ಶಾಖ ಹೊರಹೋಗದಂತೆ ತಡೆಯುತ್ತದೆ. ಅನಂತರ ನಾದುವಾಗ ಆ ಅಂಟೇ ಉಳಿದ ಹಿಟ್ಟನ್ನು ಹಿಡಿದುಕೊಳ್ಳುತ್ತದೆ.

ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಬಡಿಯುವಾಗ ಉದುರಿಸಿದ ಒಣ ಹಿಟ್ಟನ್ನು ಒರೆಸುವುದಷ್ಟೇ ಇದರ ಕೆಲಸವೆಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಈ ತೇವದಿಂದ ಮೇಲ್ಮೈಯ ಪಿಷ್ಟವೂ ಅಂಟಾಗಿ, ಸಣ್ಣ ಬಿರುಕುಗಳು ಮುಚ್ಚಿ, ಉಗಿ ಹೊರಬೀಳಲಾರದಂಥ ಒಂದು ಪೊರೆ ಮೂಡುತ್ತದೆ. ಗೋಧಿಯಲ್ಲಿ ಗ್ಲುಟೆನ್ ಮಾಡುವ ಕೆಲಸವನ್ನು ಇಲ್ಲಿ ಈ ತೆಳುವಾದ ಗಂಜಿಯ ಪೊರೆ ಮಾಡಬೇಕು. ಮಗುಚಿದ ಮೇಲೆ ಎರಡು ಮೈಗಳೂ ಬಿಗಿಯಾಗಿ, ನಡುವಿನ ನೀರು ಉಗಿಯಾಗಿ, ಬೇರೆ ದಾರಿ ಕಾಣದೆ ರೊಟ್ಟಿಯನ್ನು ಎರಡು ಪದರವಾಗಿ ಬಿಡಿಸುತ್ತದೆ. ಒಂದು ಗ್ರಾಂ ನೀರು ಕುದಿದು ಉಗಿಯಾದಾಗ ಸುಮಾರು 1,670 ಘನ ಸೆಂಟಿಮೀಟರು ಜಾಗ ಬೇಡುತ್ತದೆ. ಅಂದಮೇಲೆ ಒಂದು ರೊಟ್ಟಿ ಉಬ್ಬಲು ಅರ್ಧ ಗ್ರಾಂ, ಎಂದರೆ ಹತ್ತು ಹನಿ ನೀರು ಧಾರಾಳವಾಗಿ ಸಾಕು. ಎಲ್ಲಿಯೋ ಒಂದು ಕಡೆ ತೂತಾದರೆ ಮಾತ್ರ ಆಟ ಮುಗಿಯಿತು.

ಮಡಚಿದ ಬಟ್ಟೆಯಿಂದ ರೊಟ್ಟಿಯನ್ನು ಅಲ್ಲಲ್ಲಿ ಒತ್ತುವುದನ್ನು ನೋಡಿದ್ದೀರಲ್ಲವೇ? ಉಬ್ಬಿದ ಭಾಗದ ಉಗಿಯನ್ನು ಇನ್ನೂ ಬಿಡದಿರುವ ಭಾಗಕ್ಕೆ ನೂಕುವ ಉಪಾಯವದು. ಒಲೆಯ ಬಾಯಿಯ ಕೆಂಡಕ್ಕೆ ಎದುರಾಗಿ ರೊಟ್ಟಿಯನ್ನು ನಿಲ್ಲಿಸಿದಾಗ ಶಾಖ ಬರುವುದು ವಿಕಿರಣದಿಂದ. ಹಂಚಿನ ಮೇಲೆ ಬರುವುದು ವಹನದಿಂದ. ಹಂಚು 200 ಡಿಗ್ರಿ ಮೀರಿದ್ದರೂ ರೊಟ್ಟಿಯ ಒಳಗೆ ತೇವವಿರುವವರೆಗೆ ಅಲ್ಲಿನ ಉಷ್ಣತೆ 100ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ, ಏಕೆಂದರೆ ಬಂದ ಶಾಖವನ್ನೆಲ್ಲ ಗ್ರಾಮಿಗೆ 540 ಕ್ಯಾಲೊರಿಯಂತೆ ಗುಪ್ತೋಷ್ಣವಾಗಿ ನೀರು ನುಂಗಿಬಿಡುತ್ತದೆ. ಮೈ ಒಣಗಿದ ಕಡೆ ಮಾತ್ರ ಕಂದು ಚುಕ್ಕೆಗಳು ಬೀಳುತ್ತವೆ.

ಈ ನೀರನ್ನು ಪೂರ್ತಿ ಓಡಿಸಿದರೆ ಖಡಕ್ ರೊಟ್ಟಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ಯಲು ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಗಳನ್ನು ಮುಂಚಿತವಾಗಿಯೇ ಹೀಗೆ ಮಾಡಿಡುವುದುಂಟು. ಬೂಷ್ಟಿಗೆ ಬದುಕಲು ನೀರು ಬೇಕು, ಖಡಕ್ ರೊಟ್ಟಿಯಲ್ಲಿ ಅದು ಸಿಗುವುದಿಲ್ಲ. ಕಲಬುರಗಿ ಜಿಲ್ಲೆಯ ಮಹಿಳಾ ಸಂಘಗಳು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ದೂರದ ಪೇಟೆಗಳಿಗೆ ರೊಟ್ಟಿ ಕಳಿಸಲು ಸಾಧ್ಯವಾಗಿರುವುದೂ ಈ ಒಣಗುಣದಿಂದಲೇ. ಮಳೆಗಾಲದಲ್ಲಿ ಗಾಳಿಯ ತೇವ ಹೀರಿ ಅದು ಮೆತ್ತಗಾದರೆ ಹಂಚಿನ ಮೇಲೆ ಮತ್ತೊಮ್ಮೆ ಬೆಚ್ಚಗೆ ಮಾಡಿದರಾಯಿತು, ಹಳೆಯ ಸದ್ದು ಮರಳಿ ಬರುತ್ತದೆ.

ಕರಿಯುವುದರಲ್ಲಿಯೂ ಉಬ್ಬಿಸುವುದು ಉಗಿಯೇ. ಪೂರಿಯಾಗಲಿ ಜೋಳದ ವಡೆಯಾಗಲಿ ಸುಮಾರು 180 ಡಿಗ್ರಿಯ ಎಣ್ಣೆಗೆ ಬಿದ್ದಾಗ ಏಳುವ ಗುಳ್ಳೆಗಳು ಎಣ್ಣೆಯವಲ್ಲ, ಹಿಟ್ಟಿನಿಂದ ಹೊರಬರುವ ಉಗಿಯವು. ಆ ಉಗಿ ರಭಸದಿಂದ ಹೊರಬರುತ್ತಿರುವವರೆಗೆ ಎಣ್ಣೆ ಒಳಗೆ ನುಗ್ಗಲಾರದು. ಹೊರತೆಗೆದು ಆರುವಾಗ ಒಳಗಿನ ಉಗಿ ನೀರಾಗಿ ಒತ್ತಡ ಇಳಿಯುತ್ತದೆ. ಆಗ ಮೈಗಂಟಿದ ಎಣ್ಣೆಯನ್ನು ವಡೆ ಒಳಕ್ಕೆ ಹೀರಿಕೊಳ್ಳುತ್ತದೆ. ಎಣ್ಣೆ ಕಡಿಮೆಯಿರಬೇಕಾದರೆ ಝಾರಿಯಲ್ಲಿ ಎತ್ತಿದ ಕೂಡಲೇ, ಬಿಸಿಯಿರುವಾಗಲೇ, ಬಾಣಲೆಯ ಮೇಲೆಯೇ ಚೆನ್ನಾಗಿ ಝಾಡಿಸಿ ಸೋರಲು ಬಿಡಬೇಕು.