ಬಿರುಗಾಳಿಗೆ ಸಂಚಾರಿ ಲಾಯ ಹಾರುವುದೇಕೆ?

ಮುಂಗಾರು ಪೂರ್ವ ಮಳೆಯ ದಿನಗಳಲ್ಲಿ ತಗಡಿನ ಛಾವಣಿಗಳು ಹಾರಿಹೋದ ಸುದ್ದಿ ಕರ್ನಾಟಕದಲ್ಲಿ ಪ್ರತಿ ವರ್ಷವೂ ಬರುತ್ತದೆ. ಮನೆಯಾದರೆ ಛಾವಣಿ ಹೋದರೂ ಗೋಡೆ ಉಳಿದೀತು. ಅಡಿಪಾಯವೇ ಇಲ್ಲದೆ ನೆಲದ ಮೇಲೆ ಇಟ್ಟ ಕುದುರೆ ಲಾಯದ ವಿಷಯ ಹಾಗಲ್ಲ. ಗಾಳಿ ಒಳಹೊಕ್ಕರೆ ಇಡೀ ಕಟ್ಟಡವೇ ಎದ್ದು ಮಗುಚುತ್ತದೆ. ಆ ಹೊತ್ತಿನಲ್ಲಿ ಕುದುರೆ ಒಳಗಿದ್ದರೆ ಅದರ ಗತಿ ಹೇಳಬೇಕಾಗಿಲ್ಲ.

ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಇಂತಹ ಸಂಚಾರಿ ಲಾಯಗಳು ಸಾಮಾನ್ಯ. ಮೂರು ಕಡೆ ಗೋಡೆ, ಎದುರು ಭಾಗ ಬಯಲು, ತಳದಲ್ಲಿ ಎರಡು ಉದ್ದನೆಯ ತೊಲೆಗಳು. ತೊಲೆಗೆ ಸರಪಳಿ ಕಟ್ಟಿ ಟ್ರ್ಯಾಕ್ಟರ್‌ನಿಂದ ಎಳೆದರೆ ಲಾಯ ಬೇರೆ ಜಾಗಕ್ಕೆ ಜಾರುತ್ತದೆ. ಬಾಗಿಲ ಬಳಿ ಕೆಸರಾದಾಗ, ಹುಲ್ಲು ತೀರಿದಾಗ ಸ್ಥಳ ಬದಲಿಸಬಹುದು. ಬಿಸಿಲು ಮಳೆಗೆ ಕುದುರೆ ತಾನಾಗಿ ಒಳಬಂದು, ಬೇಡವಾದಾಗ ಹೊರಹೋಗುತ್ತದೆ. ನಮ್ಮಲ್ಲಿಯೂ ಗುತ್ತಿಗೆ ಜಮೀನಿನಲ್ಲಿ ಕುದುರೆ ಸಾಕುವವರಿಗೆ ಕಬ್ಬಿಣದ ಪೈಪು ಮತ್ತು ತಗಡಿನ ಇಂತಹ ಲಾಯ ಅನುಕೂಲಕರವೇ. ಆದರೆ ಎಳೆದರೆ ಜಾರುವಂತಹದು ಗಾಳಿ ನೂಕಿದರೂ ಜಾರುತ್ತದೆ ಎಂಬುದನ್ನು ಕಟ್ಟಿಸುವಾಗ ಮರೆಯುವವರೇ ಹೆಚ್ಚು.

ಗಾಳಿ ಲಾಯವನ್ನು ಪಕ್ಕಕ್ಕೆ ತಳ್ಳುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಅರ್ಧ ಸತ್ಯ ಮಾತ್ರ. ಛಾವಣಿಯ ಮೇಲೆ ವೇಗವಾಗಿ ಹರಿಯುವ ಗಾಳಿ ತಗಡನ್ನು ಮೇಲಕ್ಕೆ ಹೀರುತ್ತದೆ. ಅದೇ ವೇಳೆಗೆ ತೆರೆದ ಮುಂಭಾಗದಿಂದ ನುಗ್ಗಿದ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಒಳಗಿನಿಂದ ಛಾವಣಿಯನ್ನು ಎತ್ತುತ್ತದೆ. ಎರಡೂ ಸೇರಿದಾಗ ಲಾಯವು ತಲೆಕೆಳಗಾದ ಬುಟ್ಟಿಯಂತೆ ಮೇಲೇಳುತ್ತದೆ.

ಲೆಕ್ಕ ಹಾಕಿ ನೋಡಬಹುದು. ಕಟ್ಟಡಗಳ ಮೇಲಿನ ಗಾಳಿಯ ಒತ್ತಡ ಕುರಿತ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗವು ಬೆಂಗಳೂರು, ಮೈಸೂರಿಗೆ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಮೂಲ ವೇಗವನ್ನು ನಿಗದಿಪಡಿಸಿದೆ. ಮಂಗಳೂರಿಗೆ ಇದು 39 ಮೀಟರ್. 33 ಮೀಟರ್ ವೇಗದಲ್ಲಿ ಒಂದು ಚದರ ಮೀಟರಿಗೆ ಬೀಳುವ ಒತ್ತಡ ಸುಮಾರು 66 ಕೆ.ಜಿ. ತೂಕಕ್ಕೆ ಸಮ. 12 ಅಡಿ ಉದ್ದ, 12 ಅಡಿ ಅಗಲದ ಲಾಯದಲ್ಲಿ ಮೇಲಿನ ಸೆಳೆತ ಮತ್ತು ಒಳಗಿನ ಒತ್ತಡ ಕೂಡಿ ಒಟ್ಟು ಎತ್ತುವ ಬಲ 1,300 ಕೆ.ಜಿ. ದಾಟುತ್ತದೆ. ತೆಳು ತಗಡು ಮತ್ತು ಹಗುರ ಪೈಪಿನಿಂದ ಮಾಡಿದ ಅಂತಹ ಲಾಯದ ಸ್ವಂತ ತೂಕವೋ, ಹೆಚ್ಚೆಂದರೆ 350 ಕೆ.ಜಿ. ಆಸುಪಾಸು.

ಅಷ್ಟು ಜೋರಿನ ಗಾಳಿ ಅಪರೂಪವಲ್ಲವೇ ಎಂದು ಕೇಳಬಹುದು. ಅಪರೂಪವೇ. ಆದರೆ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುವಂತೆ, ವೇಗ ಅರ್ಧವಾದರೆ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. ಗಂಟೆಗೆ 60 ಕಿ.ಮೀ. ಗಾಳಿಗೆ ಇದೇ ಲಾಯವನ್ನು ಎತ್ತುವ ಬಲ ಸುಮಾರು 340 ಕೆ.ಜಿ. ಹೆಚ್ಚುಕಡಿಮೆ ಲಾಯದ ತೂಕವೇ ಆಯಿತು. ಹವಾಮಾನ ಇಲಾಖೆಯ ಬೇಸಿಗೆಯ ಎಚ್ಚರಿಕೆಗಳಲ್ಲಿ ಪದೇ ಪದೇ ಕಾಣುವ ‘ಗಂಟೆಗೆ 50–60 ಕಿ.ಮೀ.’ ಎಂಬ ಮಾತಿಗೆ ಲಾಯದ ಮಾಲೀಕರು ಕಿವಿಗೊಡಬೇಕಾದುದು ಇದಕ್ಕಾಗಿ.

ನಾಲ್ಕು ಮೂಲೆಗೆ ಮರಳಿನ ಚೀಲ ಇಡುವುದು ಸುಲಭದ ಉಪಾಯ. 50 ಕೆ.ಜಿ.ಯ ನಾಲ್ಕು ಚೀಲಗಳಿಂದ ಬರುವುದು 200 ಕೆ.ಜಿ. ಮಾತ್ರ. ಬೇಕಾದುದು ಸಾವಿರದಷ್ಟು. ಅದಕ್ಕಿಂತ ಕೆಟ್ಟದ್ದು ತಗಡಿನ ಮೇಲೆ ಕಲ್ಲು ಹೇರುವ ಹಳೆಯ ರೂಢಿ. ತಗಡು ಎದ್ದ ಕ್ಷಣ ಆ ಕಲ್ಲುಗಳು ಕೆಳಗಿರುವವರ ತಲೆಯ ಮೇಲೆಯೇ ಬೀಳುತ್ತವೆ.

ಹಾಗಾಗಿ ನೆಲವನ್ನೇ ಹಿಡಿದುಕೊಳ್ಳಬೇಕು. ಗಾಳಿ ಬಂದ ಕಡೆಯ ಎರಡು ಮೂಲೆಗಳ ಮೇಲೆ ಸೆಳೆತ ಹೆಚ್ಚು ಬೀಳುವುದರಿಂದ, ಮೇಲಿನ ಅಳತೆಯ ಲಾಯಕ್ಕೆ ಪ್ರತಿ ಮೂಲೆಯ ಹಿಡಿತ 500 ಕೆ.ಜಿ.ಗೆ ಕಡಿಮೆ ಇರಬಾರದು. ನೇರ ಗೂಟವನ್ನು ಹಿಡಿದಿಡುವುದು ಮಣ್ಣಿನ ಉಜ್ಜುವಿಕೆ ಮಾತ್ರ; ಮಳೆಯಲ್ಲಿ ನೆನೆದ ನೆಲದಿಂದ ಅದು ಸಲೀಸಾಗಿ ಕಿತ್ತುಬರುತ್ತದೆ. ತುದಿಯಲ್ಲಿ ತಿರುಪಿನಂತಹ ಅಲಗು ಇರುವ, ತಿರುಗಿಸಿ ಇಳಿಸುವ ಕಬ್ಬಿಣದ ಸರಳು ತನ್ನ ಮೇಲಿನ ಮಣ್ಣಿನ ತೂಕವನ್ನೆಲ್ಲ ಹೊತ್ತು ನಿಲ್ಲುವುದರಿಂದ ಎಷ್ಟೋ ಮೇಲು.

ಆದರೆ ಎಲ್ಲ ನೆಲಕ್ಕೂ ಇದು ಒಗ್ಗದು. ಕರಾವಳಿಯ ಮುರಕಲ್ಲಿನಲ್ಲಿ ತಿರುಪು ಇಳಿಯುವುದೇ ಇಲ್ಲ. ಅಲ್ಲಿ ಕಲ್ಲು ಕೊರೆದು ಸರಳು ನಿಲ್ಲಿಸಿ ಸಿಮೆಂಟ್ ಗಾರೆ ತುಂಬಬೇಕು. ಉತ್ತರ ಕರ್ನಾಟಕದ ಎರೆ ಭೂಮಿ ಇನ್ನೂ ಮೋಸದ್ದು. ಮಳೆಗಾಲದಲ್ಲಿ ಉಬ್ಬಿ ಸರಳನ್ನು ಬಿಗಿಯಾಗಿ ಅಪ್ಪುವ ಆ ಮಣ್ಣು ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಬಿರುಗಾಳಿ ಬರುವುದು ಸರಿಯಾಗಿ ಅದೇ ಏಪ್ರಿಲ್, ಮೇ ತಿಂಗಳಲ್ಲಿ. ಅಲ್ಲಿ ಕಾಂಕ್ರೀಟ್ ಗಡ್ಡೆಯೇ ನಂಬಿಕೆಗೆ ಯೋಗ್ಯ. ಉದ್ದ, ಅಗಲ, ಆಳ ತಲಾ 2 ಅಡಿ ಇರುವ ಗಡ್ಡೆಯ ತೂಕವೇ ಸುಮಾರು 540 ಕೆ.ಜಿ. ಲಾಯ ಸರಿಸುವ ಎರಡು ಮೂರು ಜಾಗಗಳಲ್ಲಿ ಮೊದಲೇ ಗಡ್ಡೆ ಹೂತು ಕೊಂಡಿ ಬಿಟ್ಟಿದ್ದರೆ, ಲಾಯ ಸಂಚಾರಿಯಾಗಿಯೇ ಉಳಿಯುತ್ತದೆ.

ಡೇರೆಗೆ ಕಟ್ಟುವಂತೆ ಛಾವಣಿಯಿಂದ ದೂರಕ್ಕೆ ಹಗ್ಗ ಎಳೆದು ಬಿಗಿಯುವುದು ಕುದುರೆ ಇರುವಲ್ಲಿ ಸಲ್ಲದು. ಬೆದರಿದ ಕುದುರೆ ಮೊದಲು ಓಡುತ್ತದೆ, ಆಮೇಲೆ ನೋಡುತ್ತದೆ. ತಂತಿಗೆ ಕಾಲು ಸಿಕ್ಕಿದರೆ ಮೂಳೆ ಮುರಿಯುವುದು ಖಂಡಿತ ಎಂದೇ ತಿಳಿಯಬೇಕು. ಕಟ್ಟು ತಳದ ತೊಲೆಯಲ್ಲೇ, ಲಾಯದ ಅಂಚಿಗೆ ಒತ್ತಿಕೊಂಡಂತೆ ಇರಬೇಕು. ಸರಳಿನ ತಲೆ ನೆಲಮಟ್ಟಕ್ಕಿಂತ ಮೇಲೆ ಕಾಣಬಾರದು. ಸರಪಳಿಯಲ್ಲಿ ಸಡಿಲವೂ ಇರಕೂಡದು. ಸಡಿಲವಿದ್ದಷ್ಟೂ ಗಾಳಿಯ ಹೊಡೆತ ಜಗ್ಗಾಗಿ ಮಾರ್ಪಟ್ಟು ಕೊಂಡಿಯನ್ನು ಮುರಿಯುತ್ತದೆ. ತಿರುಗಿಸಿ ಬಿಗಿಮಾಡುವ ಟರ್ನ್‌ಬಕಲ್ ಇಲ್ಲಿ ಉಪಯುಕ್ತ. ತಳ ಭದ್ರವಾದರೂ ತಗಡು ಚೌಕಟ್ಟಿಗೆ ಅಂಟಿಕೊಳ್ಳದಿದ್ದರೆ ಪ್ರಯೋಜನವಿಲ್ಲ. ಅಂಚಿನ ಸಾಲಿನಲ್ಲಿ ಸೆಳೆತ ಅತಿ ಹೆಚ್ಚು. ಸ್ಕ್ರೂಗಳನ್ನು ಅಲ್ಲಿ ಒತ್ತೊತ್ತಾಗಿ ಹಾಕಿಸಬೇಕು.

ನೈಋತ್ಯ ಮುಂಗಾರಿಗೆ ಬೆನ್ನು ಮಾಡಿ, ಬಾಗಿಲನ್ನು ಪೂರ್ವ ಅಥವಾ ಈಶಾನ್ಯಕ್ಕೆ ಇಡುವುದು ಒಳ್ಳೆಯದು. ಅಷ್ಟರಿಂದ ನೆಮ್ಮದಿ ಬೇಡ. ಬೇಸಿಗೆಯ ಗುಡುಗು ಮೋಡದಿಂದ ಕೆಳಕ್ಕೆ ಅಪ್ಪಳಿಸುವ ಗಾಳಿ ನೆಲ ಮುಟ್ಟಿ ಸುತ್ತಲೂ ಹರಡುತ್ತದೆ. ಅದು ಯಾವ ದಿಕ್ಕಿನಿಂದಲೂ ಬಾಗಿಲಿಗೆ ನುಗ್ಗಬಹುದು.

ಯುಗಾದಿಯ ಹೊತ್ತಿಗೆ ಒಮ್ಮೆ ಪ್ರತಿ ಕೊಂಡಿಯನ್ನೂ ಎಳೆದು ನೋಡಿ, ತುಕ್ಕು ಹಿಡಿದುದನ್ನು ಬದಲಿಸುವುದು ಅರ್ಧ ದಿನದ ಕೆಲಸ. ಬಿಗಿತದ ಬಗ್ಗೆ ಅನುಮಾನವಿದ್ದು ಎಚ್ಚರಿಕೆ ಬಂದಿದ್ದರೆ, ಕುದುರೆಯನ್ನು ಲಾಯದಲ್ಲಿ ಕಟ್ಟಿಹಾಕಬಾರದು. ಮರ, ವಿದ್ಯುತ್ ತಂತಿಗಳಿಂದ ದೂರದ ಗಟ್ಟಿ ಕಟ್ಟಡಕ್ಕೆ ಗಾಳಿ ಏಳುವ ಮುನ್ನವೇ ಸಾಗಿಸಬೇಕು. ಗಾಳಿ ಎದ್ದ ಮೇಲೆ ತಗಡು ಬಡಿದುಕೊಳ್ಳುವ ಲಾಯದೊಳಗೆ ಹಗ್ಗ ಹಿಡಿದು ಹೋಗುವ ಆಳಿಗೂ ಕುದುರೆಯಷ್ಟೇ ಅಪಾಯವಿದೆ.