ಹಸಿರು ಎಂಬ ಮಾತಿಗೂ ಲೆಕ್ಕ ಬೇಕು



ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ನಮ್ಮ ಹಿರಿಯರು ಹೇಳಿದ್ದಾರೆ. ಇಂದು ಈ ಮಾತನ್ನು ಹಸಿರಿಗೂ ಹೇಳಬೇಕಾಗಿದೆ. ಹೊಳಲ್ಕೆರೆಯಲ್ಲಾಗಲಿ ಹಿರಿಯೂರಿನಲ್ಲಾಗಲಿ ಕಟ್ಟಡ ಸಾಮಗ್ರಿಯ ಅಂಗಡಿಗೆ ಹೋದರೆ, ಸಿಮೆಂಟಿನ ಚೀಲದಿಂದ ಬಣ್ಣದ ಡಬ್ಬಿಯವರೆಗೆ ಹಲವದರ ಮೇಲೆ ಒಂದು ಎಲೆಯ ಚಿತ್ರ, ಕೆಳಗೆ ‘ಪರಿಸರಸ್ನೇಹಿ’ ಎಂಬ ಮಾತು. ಮನೆ, ಗೋದಾಮು ಕಟ್ಟಿಸುವ ನಮ್ಮ ಸದಸ್ಯರು ಆ ಎಲೆಗೂ ಸೇರಿಸಿ ಬೆಲೆ ತೆರುತ್ತಾರೆ.

ಇಂತಹ ಮಾತಿಗೆ ಈಗ ಕಟ್ಟುಪಾಡು ಬಂದಿದೆ. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ‘ಹಸಿರು’, ‘ಪರಿಸರಸ್ನೇಹಿ’, ‘ನೈಸರ್ಗಿಕ’ ಮುಂತಾದ ಪದಗಳನ್ನು ಜಾಹೀರಾತಿನಲ್ಲಿ ಬಳಸುವವರು ತಕ್ಕ ವಿವರವನ್ನೂ ಆಧಾರವನ್ನೂ ಒದಗಿಸಬೇಕು. ಆದ್ದರಿಂದ ಆಧಾರ ಕೇಳಲು ಸಂಕೋಚಪಡಬೇಕಿಲ್ಲ.

ಉದಾಹರಣೆಗೆ, ಹಾರುಬೂದಿ ಬೆರೆತ ಪೋಜೋಲಾನಾ ಸಿಮೆಂಟು. ಭಾರತೀಯ ಮಾನಕದಂತೆ ಇದರಲ್ಲಿ ಶೇಕಡಾ 15ರಿಂದ 35ರವರೆಗೆ ಬೂದಿ ಇರಬಹುದು. ಅಷ್ಟರಮಟ್ಟಿಗೆ ಗೂಡಿನಲ್ಲಿ ಸುಡಬೇಕಾದ ಕ್ಲಿಂಕರ್ ಉಳಿಯುತ್ತದೆ. ಇದು ಅಳೆದು ನೋಡಬಹುದಾದ ಮಾತು. ಎಲೆಯ ಚಿತ್ರಕ್ಕೆ ಅಂತಹ ಅಳತೆಯಿಲ್ಲ.

ಜಾಹೀರಾತಿಲ್ಲದ ವಸ್ತುಗಳೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮಣ್ಣಿಗೆ ಅಲ್ಪ ಸಿಮೆಂಟು ಸೇರಿಸಿ ಯಂತ್ರದಲ್ಲಿ ಒತ್ತುವ ಇಟ್ಟಿಗೆಯನ್ನು ಬಳಕೆಗೆ ತಂದಿತು. ಇದನ್ನು ಸುಡುವುದಿಲ್ಲ, ಸೌದೆಯ ಖರ್ಚಿಲ್ಲ. ಮರಳು ಮಿಶ್ರಿತ ಕೆಮ್ಮಣ್ಣು ಇದಕ್ಕೆ ಒಗ್ಗುತ್ತದೆ. ಎರೆಮಣ್ಣು ಹಾಗೆಯೇ ಒಗ್ಗದು. ಮಣ್ಣು ಪರೀಕ್ಷಿಸದೆ ಮುಂದುವರಿಯಬಾರದು.

ಇನ್ನು ನೀರು. ಚಿತ್ರದುರ್ಗದ ಕೋಟೆಯಲ್ಲಿ ಬೆಟ್ಟದ ಮಳೆನೀರು ಒಂದು ಹೊಂಡ ತುಂಬಿ ಮತ್ತೊಂದಕ್ಕೆ ಇಳಿಯುವಂತೆ ಹಿಂದಿನವರು ಕಟ್ಟಿದ್ದರು. ನಮ್ಮ ಗೋದಾಮಿನ ಲೆಕ್ಕವೂ ಸುಲಭ. 100 ಚದರ ಮೀಟರಿನ ಛಾವಣಿಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ 50,000 ಲೀಟರ್. ಐದರಲ್ಲೊಂದು ಪಾಲು ಪೋಲಾದರೂ 40,000 ಲೀಟರ್ ಕೈಗೆ ಸಿಗುತ್ತದೆ. ಕೊಳವೆ ಬಾವಿಯನ್ನೇ ನಂಬಿ ಅಡಿಕೆ ಬೆಳೆಸುವ ಹೊಸದುರ್ಗ, ಹಿರಿಯೂರು ಸೀಮೆಯವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಅನ್ಯರನ್ನು ಪ್ರಶ್ನಿಸುವ ನಾವು ನಮ್ಮ ಸರಕನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಅಡಿಕೆ ಹಾಳೆಯ ತಟ್ಟೆಯನ್ನು ‘ನೈಸರ್ಗಿಕ’ವೆಂದು ಹೊರದೇಶಗಳಲ್ಲೂ ಮಾರಲಾಗುತ್ತಿದೆ. ಅದರಲ್ಲಿನ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಇಳಿಯಬಹುದೆಂದು ಹೇಳಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಇಂತಹ ತಟ್ಟೆಗಳ ಮಾರಾಟ ಸಲ್ಲದೆಂದು ತಿಳಿಸಿತು. ತಟ್ಟೆ ಮಣ್ಣಿನಲ್ಲಿ ಕರಗುತ್ತದೆಂಬುದು ನಿಜ. ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಉತ್ತರ ಪ್ರಯೋಗಶಾಲೆಯ ಪರೀಕ್ಷೆಯಿಂದ ಬರಬೇಕು. ಇಲ್ಲವಾದರೆ ಹಾಳೆ ಆರಿಸಿ ಜೀವನ ಸಾಗಿಸುವ ಬಡ ಕುಟುಂಬಗಳಿಗೆ ಮೊದಲು ಪೆಟ್ಟು ಬೀಳುತ್ತದೆ.

ಆದಕಾರಣ ಸದಸ್ಯರಲ್ಲಿ ವಿನಂತಿ: ಕೊಳ್ಳುವಾಗ ಮೂರು ಪ್ರಶ್ನೆ ಕೇಳಿರಿ. ಏನು ಉಳಿಯುತ್ತದೆ? ಎಷ್ಟು ಉಳಿಯುತ್ತದೆ? ಪರೀಕ್ಷಿಸಿದವರು ಯಾರು? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮಾರುವಾಗ ಇದೇ ಮೂರಕ್ಕೆ ಉತ್ತರ ಕೊಡಲು ನಾವೂ ಸಿದ್ಧರಿರೋಣ.