ಮನೆಯೊಳಗೆ ವೈ-ಫೈ ದುರ್ಬಲವಾದರೆ: ಪರೀಕ್ಷೆ ಮತ್ತು ಪರಿಹಾರ

ಮೊಬೈಲ್ ಗೋಪುರದ ಸಂಕೇತ ತಲುಪದ ಕಣಿವೆಗಳಲ್ಲಿ ವಾಸಿಸುವ ಬೆಳೆಗಾರರಿಗೆ ಮನೆಯ ವೈ-ಫೈ ಬರೀ ಮನರಂಜನೆಯ ಸಾಧನವಲ್ಲ. 2019ರ ಡಿಸೆಂಬರಿನಿಂದ ನಮ್ಮ ದೇಶದಲ್ಲಿ ವೈ-ಫೈ ಮೂಲಕವೇ ಮೊಬೈಲ್ ಕರೆ ಮಾಡುವ ಸೌಲಭ್ಯ ದೊರೆಯತೊಡಗಿದೆ. ಅಡಿಕೆ ಮರದಿಂದ ಬಿದ್ದವರಿಗೆ, ಹಾವು ಕಚ್ಚಿದವರಿಗೆ ವಾಹನ ಕರೆಸಲು ಇದೊಂದೇ ದಾರಿಯಾಗಿರುವ ಮನೆಗಳಿವೆ. ಆದ್ದರಿಂದ ಸಂಕೇತವು ಜಗಲಿಯಲ್ಲಿ ಸಿಕ್ಕಿ ಹಿಂದಿನ ಕೋಣೆಯಲ್ಲಿ ಸಿಗದಿದ್ದರೆ ಉದಾಸೀನ ಸಲ್ಲದು. ಹೆಚ್ಚಿನ ದೋಷಗಳನ್ನು ಖರ್ಚಿಲ್ಲದೆ ನಾವೇ ನಿವಾರಿಸಬಹುದು.

1. ದೋಷ ಎಲ್ಲಿದೆ?

ಮೊದಲು ಫೈಬರ್ ಪೆಟ್ಟಿಗೆಯ ದೀಪಗಳನ್ನು ನೋಡಿರಿ. 'ಎಲ್.ಒ.ಎಸ್.' ದೀಪ ಕೆಂಪಾಗಿದ್ದರೆ ಹೊರಗಿನ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ. ಸಂಪರ್ಕ ಕೊಟ್ಟವರಿಗೇ ತಿಳಿಸಬೇಕು. ದೀಪ ಸರಿಯಿದ್ದರೆ ರೌಟರಿನಿಂದ ಎರಡು ಮೀಟರ್ ದೂರದಲ್ಲಿ ನಿಂತು ವೇಗ ಅಳೆಯಿರಿ. ಅನಂತರ ದುರ್ಬಲವೆನಿಸುವ ಕೋಣೆಯಲ್ಲಿ ಅಳೆಯಿರಿ. ಎರಡೂ ಕಡೆ ನಿಧಾನವಾದರೆ ದೋಷ ಬಹುತೇಕ ಲೈನಿನದು. ಹತ್ತಿರ ಚೆನ್ನಾಗಿದ್ದು ದೂರದಲ್ಲಿ ಕುಸಿದರೆ ಮಾತ್ರ ಅದು ವೈ-ಫೈ ಪ್ರಸಾರದ ತೊಂದರೆ.

2. ಕಾರಣಗಳು

ಅಡೆತಡೆಯಿಲ್ಲದ ಬಯಲಿನಲ್ಲೂ ದೂರ ಎರಡು ಪಟ್ಟಾದರೆ ಸಂಕೇತದ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಹಳೆಯ ಮನೆಗಳ ದಪ್ಪ ಮುರಕಲ್ಲಿನ ಅಥವಾ ಮಣ್ಣಿನ ಗೋಡೆಗಳು ಇನ್ನಷ್ಟು ನುಂಗುತ್ತವೆ. ತಗಡು, ಕಬ್ಬಿಣದ ಬೀರು, ದೊಡ್ಡ ಕನ್ನಡಿ ಇವು ಅಲೆಯನ್ನು ಹಿಂದಕ್ಕೆ ತಳ್ಳುತ್ತವೆ. ನೀರಿನ ಟ್ಯಾಂಕು, ಮಳೆಯಲ್ಲಿ ನೆನೆದ ಎಲೆಗಳು ಅದನ್ನು ಹೀರುತ್ತವೆ.

3. ಖರ್ಚಿಲ್ಲದ ಪರಿಹಾರ

(ಅ) ಫೈಬರ್ ಒಳಬಂದ ಮೂಲೆಯಲ್ಲೇ ರೌಟರ್ ಇಡುವುದು ಸಾಮಾನ್ಯ ತಪ್ಪು. ಆಗ ಅರ್ಧ ಶಕ್ತಿ ಅಂಗಳಕ್ಕೆ ಹೋಗುತ್ತದೆ. ಮನೆಯ ನಡುವೆ, ಐದಾರು ಅಡಿ ಎತ್ತರದಲ್ಲಿ, ಲೋಹದಿಂದ ದೂರವಿಡಿ.

(ಆ) ಕಡ್ಡಿಯಂಥ ಆಂಟೆನಾದಿಂದ ಅಲೆಗಳು ಬದಿಗಳಿಗೆ ಹರಡುತ್ತವೆ, ತುದಿಯ ದಿಕ್ಕಿಗೆ ಅಲ್ಲ. ಒಂದೇ ಅಂತಸ್ತಿನ ಮನೆಯಲ್ಲಿ ನೇರ ನಿಲ್ಲಿಸಿರಿ; ಮಹಡಿಯಿದ್ದರೆ ಒಂದನ್ನು ಅಡ್ಡ ಮಲಗಿಸಿರಿ.

(ಇ) 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ದಾಟಲು ದುರ್ಬಲ. ದೂರದ ಕೋಣೆಗೆ 2.4 ಗಿಗಾಹರ್ಟ್ಸ್ ಆರಿಸಿರಿ. ಪೇಟೆಯಲ್ಲಿ ನೆರೆಮನೆಗಳ ಅಡಚಣೆಯಿದ್ದರೆ ಇದರಲ್ಲಿ 1, 6, 11 ಈ ಚಾನೆಲ್‌ಗಳನ್ನು ಒಂದೊಂದಾಗಿ ಬಳಸಿ ನೋಡಿರಿ.

4. ಅಳತೆ

ಸಂಕೇತದ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ತೋರಿಸುವ ಉಚಿತ ಆ್ಯಪ್‌ಗಳಿವೆ. -50 ಉತ್ತಮ, -67ರ ಆಸುಪಾಸು ಕರೆಗೆ ಸಾಕು, -80ಕ್ಕಿಂತ ಕೆಳಗಿಳಿದರೆ ಕರೆ ಕಡಿಯುತ್ತದೆ. 10 ಇಳಿದರೆ ಶಕ್ತಿ ಹತ್ತರಲ್ಲೊಂದು ಭಾಗ ಉಳಿಯಿತೆಂದು ಅರ್ಥ. ಪ್ರತಿ ಕೋಣೆಯ ಅಂಕಿ ಬರೆದಿಟ್ಟುಕೊಂಡರೆ, ರೌಟರಿನ ಜಾಗ ಬದಲಿಸಿದ್ದರಿಂದ ಲಾಭವಾಯಿತೇ ಎಂಬುದು ತಿಳಿಯುತ್ತದೆ.

5. ಖರ್ಚಿನ ಪರಿಹಾರ

ರಿಪೀಟರನ್ನು ಸಂಕೇತ ಸತ್ತಲ್ಲಿ ಹಾಕಿ ಪ್ರಯೋಜನವಿಲ್ಲ. ಇನ್ನೂ ಚೆನ್ನಾಗಿ ಸಿಗುವ ನಡುದಾರಿಯಲ್ಲಿ ಹಾಕಬೇಕು. ಒಂದೇ ಬ್ಯಾಂಡಿನ ರಿಪೀಟರಿನಲ್ಲಿ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಇದಕ್ಕಿಂತ ಮನೆಯೊಳಗೇ ಕೇಬಲ್ ಎಳೆದು ಎರಡನೆಯ ರೌಟರ್ ಜೋಡಿಸುವುದು ಲೇಸು. ಈ ತಾಮ್ರದ ಕೇಬಲ್ಲಿಗೆ 100 ಮೀಟರ್ ಮಿತಿಯಿದೆ. ಕಣ ಅಥವಾ ಗೋದಾಮಿಗೆ ಹೊರಗಿನಿಂದ ಎಳೆಯುವುದಾದರೆ, ಸಿಡಿಲಿನ ದೃಷ್ಟಿಯಿಂದ, ಲೋಹದ ತಂತಿಯಿಲ್ಲದ ಫೈಬರನ್ನೇ ಬಳಸಿರಿ.

6. ಮಳೆಗಾಲಕ್ಕೆ ಮುನ್ನ

ಕರೆಂಟು ಹೋದರೆ ವೈ-ಫೈ ಕರೆಯೂ ಇಲ್ಲ. ಆದ್ದರಿಂದ ರೌಟರಿಗೂ ಫೈಬರ್ ಪೆಟ್ಟಿಗೆಗೂ ಬ್ಯಾಟರಿಯುಳ್ಳ ಸಣ್ಣ ಯು.ಪಿ.ಎಸ್. ಅವಶ್ಯ. ಅಡಾಪ್ಟರಿನ ಮೇಲೆ ನಮೂದಿಸಿದ ವೋಲ್ಟೇಜಿಗೇ ಅದು ಹೊಂದಬೇಕು. ಗುಡುಗು ಆರಂಭವಾಗುವ ಮುನ್ನವೇ ಯು.ಪಿ.ಎಸ್. ಪ್ಲಗ್ಗನ್ನು ಗೋಡೆಯಿಂದ ತೆಗೆದಿಟ್ಟರೆ ವಿದ್ಯುತ್ ಲೈನಿನಿಂದ ಬರುವ ಅಪಾಯ ತಪ್ಪುತ್ತದೆ, ಬ್ಯಾಟರಿಯಲ್ಲಿ ಸಂಪರ್ಕವೂ ನಡೆಯುತ್ತಿರುತ್ತದೆ.

ಕೊನೆಯದಾಗಿ, ಫೋನಿನಲ್ಲಿ ವೈ-ಫೈ ಕರೆಯ ಸೌಲಭ್ಯ ಚಾಲೂ ಇದೆಯೇ ಎಂದು ನೋಡಿ, ಮನೆಯ ಹಿರಿಯರು ಮಲಗುವ ಕೋಣೆಯಿಂದಲೇ ಒಮ್ಮೆ ಕರೆಮಾಡಿ ಪರೀಕ್ಷಿಸಿರಿ. ಅಲ್ಲಿಂದ ಮಾತು ಸ್ಪಷ್ಟವಾಗಿ ಕೇಳಿಸಿದರೆ ನಿಮ್ಮ ವ್ಯವಸ್ಥೆ ಸರಿಯಿದೆಯೆಂದು ತಿಳಿಯಬಹುದು.